ಸಂಜೆ ಆರೂಕಾಲರಿಂದ ಏಳೂವರೆ

ಪ್ರಶ್ನೆ: ನನಗೆ 32 ವರ್ಷ. ಹಾಸನದ ಒಂದು ಸೊಸೈಟಿಯಲ್ಲಿ ಕ್ಲರ್ಕ್ ಆಗಿದ್ದೇನೆ. ನಮ್ಮ ಮನೆಯವರಿಗೆ ಬೆಂಗಳೂರಿನಲ್ಲಿ ಕೆಲಸ. ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುತ್ತಾರೆ. ಮಗಳಿಗೆ ನಾಲ್ಕೂವರೆ ವರ್ಷ. ಈ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಹನ್ನೆರಡೂವರೆಗೆ ವ್ಯಾನಿನಲ್ಲಿ ಮನೆಗೆ ಬರುತ್ತಾಳೆ. ಆಮೇಲೆ ನಮ್ಮತ್ತೆ ನೋಡಿಕೊಳ್ಳುತ್ತಾರೆ. ನಾನು ಮನೆ ಸೇರೋದು ಆರೂಕಾಲಿಗೆ.

ಮೂರು ತಿಂಗಳಿಂದ ಇವಳ ಬಾಯಿ ತಡೆಯೋಕೆ ಆಗುತ್ತಿಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ‘ಯಾಕ್ ಬಂದೆ? ಆಫೀಸಿಗೇ ಹೋಗು’ ಅನ್ನುತ್ತಾಳೆ. ಹೋದ ವಾರ ಏಳೂವರೆಗೆ ಊಟಕ್ಕೆ ಕೂರಿಸಿದರೆ ತಟ್ಟೆ ತಳ್ಳಿ ‘ನೀನು ಹೊಲಸು ಅಮ್ಮ’ ಅಂದಳು. ಪಕ್ಕದ ಮನೆಯವರು ಹೆಪ್ಪು ಕೇಳೋಕೆ ಬಂದಿದ್ದರು, ಆರೂಮುಕ್ಕಾಲು ಇರಬಹುದು. ಅವರೆದುರಿಗೇ ‘ನೀನು ಸತ್ತೋಗು’ ಅಂದಳು. ಭಾನುವಾರ ಅವರಪ್ಪ ಬ್ಯಾಗ್ ಹೆಗಲಿಗೆ ಹಾಕಿದಾಗ ‘ಅಪ್ಪ ಇರಲಿ, ನೀನು ಬೆಂಗಳೂರಿಗೆ ಹೋಗು’ ಅಂತ ನನ್ನನ್ನು ತಳ್ಳಿದಳು. ಈ ಮಂಗಳವಾರ ಏಳು ಗಂಟೆಗೆ ಕೈಕಾಲು ತೊಳೆಸುವಾಗ ಮುಖಕ್ಕೆ ಉಗುಳಿದಳು. ನಾನು ಹೊಡೆದೆ. ಜೋರಾಗಿಯೇ ಬಿತ್ತು. ಆಮೇಲೆ ಬಚ್ಚಲುಮನೆ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು ಅತ್ತುಬಿಟ್ಟೆ. ಅವಳು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು.

ಬರೆಯೋಕೂ ನಾಚಿಕೆ. ಆ ಕ್ಷಣ ಅವಳು ನನ್ನ ಮಗಳು ಅನ್ನಿಸಲಿಲ್ಲ. ದ್ವೇಷ ಅಂತಾರಲ್ಲ, ಅದೇ. ನಮ್ಮತ್ತೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ’ ಅಂತ ನನಗೇ ಹೇಳುತ್ತಾರೆ. ಅವಳು ಕಿರುಚಿದರೆ ಮೊಬೈಲ್ ಕೊಡೋದೂ ಅವರೇ. ರಾತ್ರಿ ಅವರ ಧಾರಾವಾಹಿಗಳು ಮುಗಿದ ಮೇಲೆ ಹತ್ತೂವರೆಗೆ ಮಲಗುತ್ತಾಳೆ, ಬೆಳಿಗ್ಗೆ ಏಳಕ್ಕೆ ಎಬ್ಬಿಸುತ್ತೇನೆ. ಶಾಲೆ ಶುರುವಾದ ಮೇಲೆ ಮಧ್ಯಾಹ್ನದ ನಿದ್ದೆ ಬಿಟ್ಟಿದ್ದಾಳೆ. ಅವಳಿಗೆ ನಾನು ನಿಜವಾಗಿಯೂ ಬೇಡವಾ? ನನ್ನ ಸಿಟ್ಟಿಗೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. ನೀವು ಬರೆದ ಗಂಟೆಗಳ ಕೆಳಗೆಲ್ಲ ಗೆರೆ ಎಳೆದೆ. ಆರೂಕಾಲು, ಆರೂಮುಕ್ಕಾಲು, ಏಳು, ಏಳೂವರೆ. ಭಾನುವಾರದ್ದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೂಕಾಲು ಗಂಟೆಯೊಳಗೆ ನಡೆದಿದೆ. ಬೆಳಿಗ್ಗೆ ಜಡೆ ಹಾಕುವಾಗ ಅವಳು ಏನಂದಳು, ಶನಿವಾರ ಮಧ್ಯಾಹ್ನ ಏನಂದಳು ಅಂತ ನೀವು ಬರೆದಿಲ್ಲ. ಬರೆಯುವಂಥದ್ದು ಏನೂ ನಡೆದಿಲ್ಲ ಅಂತ ಕಾಣುತ್ತದೆ. ನಿಮ್ಮ ಮನೆಯಲ್ಲಿ ಕೆಟ್ಟಿರೋದು ಒಂದು ಹೊತ್ತು. ಅದನ್ನು ಹೇಗೆ ರಿಪೇರಿ ಮಾಡೋದು ಅಂತ ಹೇಳುತ್ತೇನೆ. ಅದಕ್ಕೆ ಮೊದಲು ನೀವು ನಾಚಿಕೆಯಿಂದ ಬರೆದ ಆ ಪದದ ಬಗ್ಗೆ ಎರಡು ಮಾತು.

ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನಲ್ಲಿ ಒಬ್ಬ ಮಕ್ಕಳ ವೈದ್ಯರಿದ್ದರು. ಮನೋವಿಶ್ಲೇಷಕರೂ ಹೌದು. ಅವರು 1949ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ತಾಯಿಗೆ ತನ್ನ ಕೂಸಿನ ಮೇಲೆ ದ್ವೇಷ ಬರೋಕೆ ಏನೇನು ಕಾರಣ ಅಂತ ಪಟ್ಟಿ ಮಾಡಿದ್ದಾರೆ. ಒಂದಲ್ಲ ಎರಡಲ್ಲ, ಹದಿನೆಂಟು. ತಾಯಿ ಮಾಡಿಕೊಟ್ಟದ್ದನ್ನು ಮಗು ಬೇಡ ಅನ್ನುತ್ತದೆ, ಅವಳಿಗೇ ತನ್ನ ಮೇಲೆ ಅನುಮಾನ ಬರುವ ಹಾಗೆ ಮಾಡುತ್ತದೆ, ಆದರೆ ಚಿಕ್ಕಮ್ಮನ ಕೈಯಲ್ಲಿ ಚೆನ್ನಾಗಿ ತಿನ್ನುತ್ತದೆ. ಇದು ಒಂದು ಕಾರಣ. ಬೆಳಗಿನಿಂದ ಅವಳ ಜೀವ ಹಿಂಡಿದ ಮಗು, ಹೊರಗೆ ಹೋದಾಗ ಯಾರೋ ಗೊತ್ತಿಲ್ಲದವರನ್ನು ನೋಡಿ ನಗುತ್ತದೆ, ಅವರು ‘ಎಷ್ಟು ಮುದ್ದಾಗಿದೆ’ ಅನ್ನುತ್ತಾರೆ. ಇದು ಇನ್ನೊಂದು. ಹಾಸನದ ಯಾವುದೋ ಮನೆಯ ಜಗಲಿ ಮೇಲೆ ಕೂತು ಬರೆದ ಹಾಗಿದೆ ಅಲ್ವಾ? ದ್ವೇಷ ಬರದ ಹಾಗೆ ನೋಡಿಕೊಳ್ಳಿ ಅಂತ ಅವರು ಎಲ್ಲೂ ಹೇಳಲಿಲ್ಲ. ಇಷ್ಟು ನೊಂದೂ, ಇಷ್ಟು ದ್ವೇಷ ಬಂದೂ, ಅದನ್ನು ಮಗುವಿನ ಮೇಲೆ ತೀರಿಸಿಕೊಳ್ಳದೆ ಇರಬಲ್ಲಳಲ್ಲ, ತಾಯಿಯ ವಿಷಯದಲ್ಲಿ ಬೆರಗಾಗಬೇಕಾದ್ದು ಅದಕ್ಕೆ ಅಂದರು.

ಹಾಗಾಗಿ ದ್ವೇಷ ಬಂತು ಅನ್ನುವುದಕ್ಕೆ ನಿಮಗೆ ಪ್ರಾಯಶ್ಚಿತ್ತ ಬೇಡ. ಹೊಡೆದದ್ದು ಬೇರೆ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ‘ಸತ್ತೋಗು’. ಸತ್ತವರು ಮತ್ತೆ ಬರೋದಿಲ್ಲ, ಎಲ್ಲರೂ ಒಂದಲ್ಲ ಒಂದು ದಿನ ಸಾಯುತ್ತಾರೆ ಅನ್ನುವುದು ಮಕ್ಕಳಿಗೆ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಸ್ವಲ್ಪ ಸ್ವಲ್ಪವಾಗಿ ಅರ್ಥವಾಗುತ್ತದೆ. ಅಲ್ಲಿಯವರೆಗೆ ಸಾಯೋದು ಅಂದರೆ ಊರಿಗೆ ಹೋದ ಹಾಗೆ, ಬೇಕಾದಾಗ ವಾಪಸ್ ಬರಬಹುದು. ಅವಳ ಬಾಯಲ್ಲಿ ಆ ಪದಕ್ಕಿರೋದು ‘ಈಗ ಆ ಕಡೆ ಹೋಗು’ ಅನ್ನುವಷ್ಟೇ ಅರ್ಥ. ಪದ ಎಲ್ಲಿಂದ ಬಂತು ಅಂತ ಜಾಸ್ತಿ ತನಿಖೆ ಮಾಡಬೇಡಿ. ಸೊಳ್ಳೆಗೆ ಯಾರೋ ಹೇಳಿದ್ದಿರಬಹುದು, ವ್ಯಾನಿನಲ್ಲಿ ದೊಡ್ಡ ಹುಡುಗ ಅಂದಿದ್ದಿರಬಹುದು. ಎಲ್ಲಿಂದಾದರೂ ಬರಲಿ, ಆ ಪದ ಹೇಳಿದರೆ ಅಮ್ಮನ ಮುಖದ ಬಣ್ಣ ಬದಲಾಗುತ್ತದೆ ಅಂತ ಅವಳು ಕಂಡುಕೊಂಡಿದ್ದಾಳೆ. ಪಕ್ಕದ ಮನೆಯವರಿದ್ದರೆ ಇನ್ನೂ ಚೆನ್ನಾಗಿ ಬದಲಾಗುತ್ತದೆ.

ಈ ಕಂಡುಕೊಳ್ಳುವಿಕೆ ಸಣ್ಣದಲ್ಲ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಕತೆ ಹೇಳಿ ಪರೀಕ್ಷೆ ಮಾಡಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡೋಕೆ ಹೋಗುತ್ತಾನೆ. ಅವನಿಲ್ಲದಾಗ ಅವನಮ್ಮ ಅದನ್ನು ಬೇರೆ ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಚಾಕೊಲೇಟ್ ಈಗ ಇರುವ ಕಪಾಟನ್ನೇ ತೋರಿಸುತ್ತವೆ. ನಾಲ್ಕು ದಾಟಿದ ಮೇಲೆ ‘ಅವನಿಗೆ ಗೊತ್ತಿಲ್ವಲ್ಲ, ಮೊದಲಿನ ಕಪಾಟಲ್ಲೇ ಹುಡುಕ್ತಾನೆ’ ಅನ್ನುವ ಮಕ್ಕಳು ಹೆಚ್ಚುತ್ತಾ ಹೋಗುತ್ತಾರೆ. ಅಂದರೆ ಅಮ್ಮನ ತಲೆಯೊಳಗೆ ಇರೋದು ಬೇರೆ, ನನ್ನ ತಲೆಯೊಳಗೆ ಇರೋದು ಬೇರೆ ಅಂತ ನಿಮ್ಮ ಮಗಳಿಗೆ ಗೊತ್ತಾಗುತ್ತಿರೋದು ಈಗಷ್ಟೇ. ಹೊಸದಾಗಿ ಸಿಕ್ಕಿದ್ದನ್ನು ಚುಚ್ಚಿ ನೋಡುತ್ತಿದ್ದಾಳೆ. ಚುಚ್ಚಿದರೆ ಎಷ್ಟು ನೋಯುತ್ತದೆ ಅನ್ನುವ ಅಳತೆ ಮಾತ್ರ ಇನ್ನೂ ಬಂದಿಲ್ಲ.

ಇನ್ನೊಂದು ಸಂಗತಿ ಹೇಳಿದರೆ ನಿಮಗೆ ನಗು ಬರಬಹುದು. ಹೊಡೆಯೋದು, ಕಚ್ಚೋದು, ತಳ್ಳೋದು ಮನುಷ್ಯರಲ್ಲಿ ಅತಿ ಹೆಚ್ಚು ಕಾಣೋದು ಹರೆಯದಲ್ಲಿ ಅಲ್ಲ, ಎರಡರಿಂದ ನಾಲ್ಕು ವರ್ಷದ ನಡುವೆ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದು ಇದನ್ನು ತೋರಿಸಿದರು. ಮಾತು ಬಲಿತ ಹಾಗೆ ಕೈ ಕಡಿಮೆಯಾಗುತ್ತದೆ. ‘ಹೊಲಸು ಅಮ್ಮ’ ಅನ್ನೋದು ಕೇಳೋಕೆ ಕಷ್ಟ, ಆದರೂ ಕಚ್ಚೋದಕ್ಕಿಂತ ಅದು ಒಂದು ಮೆಟ್ಟಿಲು ಮೇಲೆ. ಮಂಗಳವಾರ ಅವಳು ಒಂದು ಮೆಟ್ಟಿಲು ಕೆಳಗೆ ಜಾರಿದಳು. ಅದೇ ಸಂಜೆ ನೀವೂ ಜಾರಿದಿರಿ.

ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಸತ್ತೋಗು’ ಅಲ್ಲ, ‘ಆಫೀಸಿಗೇ ಹೋಗು’. ಆ ಮಾತಿಗೆ ನಾಲ್ಕೂವರೆ ವರ್ಷದ ವಾಸನೆ ಇಲ್ಲ. ‘ನಿಮ್ಮಮ್ಮಂಗೆ ಆಫೀಸೇ ದೊಡ್ಡದು’ ಅಂತ ಯಾರೋ ದೊಡ್ಡವರು ಮಧ್ಯಾಹ್ನ ಗೊಣಗಿದ್ದು ಅವಳ ಕಿವಿಗೆ ಬಿದ್ದಿದೆ ಅಂತ ನನ್ನ ಊಹೆ. ನಿಮ್ಮತ್ತೆಯವರನ್ನು ದೂರುವುದಕ್ಕೆ ಹೇಳುತ್ತಿಲ್ಲ. ಹನ್ನೆರಡೂವರೆಯಿಂದ ಆರೂಕಾಲು ಅಂದರೆ ಐದೂಮುಕ್ಕಾಲು ಗಂಟೆ. ಒಂದು ಸಣ್ಣ ಮಗುವಿನ ಹಿಂದೆ, ಆ ವಯಸ್ಸಿನಲ್ಲಿ, ರಜವಿಲ್ಲದೆ. ಗೊಣಗದೆ ಇನ್ನೇನು ಮಾಡುತ್ತಾರೆ? ಆದರೆ ಅವರು ಗೊಣಗಿದ್ದನ್ನು ಮಗು ಎತ್ತಿಕೊಂಡು ಬಂದು ನಿಮ್ಮ ಮುಂದೆ ಹಾಕುತ್ತದೆ. ಆಗ ಮಗಳ ಬಾಯಿಂದ ನಿಮಗೆ ಕೇಳಿಸೋದು ಅತ್ತೆಯ ದನಿ. ಅತ್ತೆಗೆ ತಿರುಗಿ ಹೇಳೋಕಾಗದ್ದು ಮಗುವಿನ ಕೆನ್ನೆ ಮೇಲೆ ಬೀಳುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆಯೇ ಇದೆಯಲ್ಲ. ಮಂಗಳವಾರದ ಏಟಿನಲ್ಲಿ ಉಗುಳಿದ್ದರ ಪಾಲು ಎಷ್ಟು, ಪಕ್ಕದ ಮನೆಯವರೆದುರು ಹೋದ ಮಾನದ ಪಾಲು ಎಷ್ಟು, ಅವತ್ತು ಆಫೀಸಿನಲ್ಲಿ ಕೇಳಿಸಿಕೊಂಡದ್ದು ಎಷ್ಟು, ವಾರದಲ್ಲಿ ಐದು ದಿನ ಒಬ್ಬರೇ ಎಳೆಯುತ್ತಿರುವುದರದ್ದು ಎಷ್ಟು? ಒಂದು ಚೀಟಿ ಮೇಲೆ ಬರೆದು ನೋಡಿ. ಲೆಕ್ಕ ಬರೆಯೋದು ನಿಮ್ಮ ಕೈಗೆ ಪಳಗಿದ ಕೆಲಸ. ಮಗಳ ಹೆಸರಿನ ಮುಂದೆ ಬರುವ ಮೊತ್ತ ನೀವಂದುಕೊಂಡಷ್ಟು ಇರೋದಿಲ್ಲ.

ಇನ್ನು ಆ ಹೊತ್ತಿನ ವಿಷಯ. ಜೂನ್‌ನಲ್ಲಿ ಶಾಲೆ ಶುರುವಾಯಿತು, ಮಧ್ಯಾಹ್ನದ ನಿದ್ದೆ ಹೋಯಿತು, ಮೂರು ತಿಂಗಳಿಂದ ಬಾಯಿ ಜೋರಾಯಿತು. ನೀವು ಇವನ್ನು ಪತ್ರದ ಬೇರೆ ಬೇರೆ ಕಡೆ ಬರೆದಿದ್ದೀರಿ. ನನಗೆ ಮೂರೂ ಒಂದೇ ಸುದ್ದಿಯಂತೆ ಕಾಣುತ್ತದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ನಿಮ್ಮ ಮಗಳಿಗೆ ಸಿಗುತ್ತಿರೋದು ಎಂಟೂವರೆ. ದಿನಾ ಕನಿಷ್ಠ ಒಂದೂವರೆ ಗಂಟೆ ಸಾಲ. ಒಂದು ವಾರಕ್ಕೆ ಒಂದು ಇಡೀ ರಾತ್ರಿಯ ನಿದ್ದೆ ಖೋತಾ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ. ಮಕ್ಕಳು ನಿದ್ದೆಗೆಟ್ಟರೆ ಕುಣಿಯುತ್ತವೆ, ಕಿರುಚುತ್ತವೆ. ಅದಕ್ಕೇ ಯಾರಿಗೂ ಇದು ನಿದ್ದೆಯ ಸಮಸ್ಯೆ ಅಂತ ಹೊಳೆಯೋದಿಲ್ಲ. ಬಾಯಿಗೆ ಬಂದದ್ದನ್ನು ಅಲ್ಲೇ ತಡೆಹಿಡಿಯೋದು ಹಣೆಯ ಹಿಂದಿರುವ ಮೆದುಳಿನ ಭಾಗದ ಕೆಲಸ. ಅದು ಪೂರ್ತಿ ಬಲಿಯೋಕೆ ಇಪ್ಪತ್ತೈದು ವರ್ಷದವರೆಗೂ ಹಿಡಿಯುತ್ತದೆ. ನಿದ್ದೆಗೆಟ್ಟ ದಿನ ಅದು ದೊಡ್ಡವರಿಗೇ ಕೈಕೊಡುತ್ತದೆ, ಇನ್ನು ನಾಲ್ಕೂವರೆ ವರ್ಷದವಳ ಗತಿ?

ಆ ಹೊತ್ತಿಗೆ ಸರಿಯಾಗಿ ನೀವು ಬರುತ್ತೀರಿ. ನಿಮ್ಮ ಹೊಟ್ಟೆಯೂ ಖಾಲಿ. ಬಂದ ತಕ್ಷಣ ಏನು ಹೇಳುತ್ತೀರಿ ಅಂತ ನೀವು ಬರೆದಿಲ್ಲ. ಹತ್ತು ಮನೆಯಲ್ಲಿ ಒಂಬತ್ತರಲ್ಲಿ ಇದೇ: ‘ಇನ್ನೂ ಯೂನಿಫಾರಂ ಬಿಚ್ಚಿಲ್ವಾ? ಹೋಂವರ್ಕ್ ಆಯ್ತಾ? ಮೊಬೈಲ್ ಇಡು.’ ಇದನ್ನು ಅವಳ ಕಡೆಯಿಂದ ಕೇಳಿ ನೋಡಿ. ಬೆಳಿಗ್ಗೆಯಿಂದ ಕಾದದ್ದು ಅಮ್ಮನಿಗೆ. ಅಮ್ಮ ಬಂದಳು ಅಂದರೆ ಮೊಬೈಲ್ ಹೋಯಿತು, ಆಟ ಹೋಯಿತು, ಅಮ್ಮನೂ ಅಡುಗೆಮನೆಗೆ ಹೋದಳು. ‘ಯಾಕ್ ಬಂದೆ’ ಅನ್ನದೆ ಇನ್ನೇನು ಅನ್ನುತ್ತಾಳೆ?

ಆದ್ದರಿಂದ ಮೊದಲು ಸರಿಮಾಡಬೇಕಾದ್ದು ಮನೆ ಸೇರಿದ ಮೇಲಿನ ಮೊದಲ ಇಪ್ಪತ್ತು ನಿಮಿಷ. ಐದೂವರೆಗೆ ಸೊಸೈಟಿ ಬಿಡುವ ಮುಂಚೆ ನೀವು ಏನಾದರೂ ತಿನ್ನಿ. ಡಬ್ಬಿಯಲ್ಲಿ ಎರಡು ಚಪಾತಿ ಉಳಿಸಿಕೊಂಡರೂ ಸಾಕು. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಒಲೆ ಹತ್ತಿರ ಹೋಗಬೇಡಿ. ಬೇಯಿಸಿದ ಕಡಲೆಕಾಯಿಯೋ, ಪುರಿಯೋ, ಬಾಳೆಹಣ್ಣೋ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಡಿ. ‘ಬಾ’ ಅಂತಲೂ ಕರೆಯಬೇಡಿ. ಅವಳೇ ಬರುತ್ತಾಳೆ. ಬಂದರೆ ಪ್ರಶ್ನೆ ಕೇಳಬೇಡಿ, ಒಂದೂ ಕೇಳಬೇಡಿ. ಇನ್ನು ಸ್ವಲ್ಪ ದಿನಕ್ಕೆ ಅವರೆಕಾಯಿ ಕಾಲ. ಒಂದು ಬೊಗಸೆ ಕಾಯಿ ಅವಳ ಮುಂದೆ ಸುರಿದು ಬಿಡಿಸೋಕೆ ಕೊಡಿ. ಮುಖ ಮುಖ ನೋಡಿಕೊಂಡು ಕೂತಾಗ ಮಕ್ಕಳು ಬಾಯಿ ಬಿಡೋದಿಲ್ಲ. ಪಕ್ಕದಲ್ಲಿ ಕೂತು ಕೈಗೆ ಕೆಲಸ ಸಿಕ್ಕಿದಾಗ ವ್ಯಾನಿನ ಸುದ್ದಿ, ಮಿಸ್ ಸುದ್ದಿ ಎಲ್ಲ ಹೊರಬರುತ್ತದೆ. ಇಪ್ಪತ್ತು ನಿಮಿಷ ತಡವಾಗಿ ಕುಕ್ಕರ್ ಇಟ್ಟರೆ ಯಾರೂ ಹಸಿವಿನಿಂದ ಸಾಯೋದಿಲ್ಲ. ಅತ್ತೆ ಏನಾದರೂ ಅನ್ನಬಹುದು. ಅನ್ನಲಿ. ಅವರಿಗೂ ಒಂದು ಹಿಡಿ ಕಡಲೆಕಾಯಿ ಕೊಡಿ.

ಆಮೇಲೆ ಮಲಗುವ ಹೊತ್ತು. ಎಂಟೂವರೆಗೆ ಹಾಸಿಗೆ ಸೇರಿದರೆ ಬೆಳಿಗ್ಗೆ ಏಳಕ್ಕೆ ಹತ್ತೂವರೆ ಗಂಟೆ ಸಿಗುತ್ತದೆ. ಹತ್ತೂವರೆಯಿಂದ ಎಂಟೂವರೆಗೆ ಒಂದೇ ದಿನ ಎಳೆದರೆ ರಂಪವೇ ಆಗುತ್ತದೆ. ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತನ್ನಿ. ಮೂರೂವರೆ ವಾರದಲ್ಲಿ ತಲುಪುತ್ತೀರಿ. ಧಾರಾವಾಹಿ ನಿಲ್ಲಿಸಿ ಅಂತ ಮಾತ್ರ ಅತ್ತೆಗೆ ಹೇಳಬೇಡಿ. ಅದು ಅವರ ದಿನದ ಒಂದೇ ಬಿಡುವು. ಮಲಗುವ ಕೋಣೆ ಬಾಗಿಲು ಹಾಕಿ, ಟಿವಿ ಸೌಂಡ್ ಎರಡು ಗೆರೆ ಕಡಿಮೆ ಮಾಡಿ ಅಂತ ಕೇಳಿದರೆ ಸಾಕು.

ಮೊಬೈಲಿನ ಲೆಕ್ಕಾಚಾರವೂ ಸ್ವಲ್ಪ ಹೀಗೇ. ಅಮೆರಿಕದ ಒರೆಗಾನಿನ ಜೆರಾಲ್ಡ್ ಪ್ಯಾಟರ್ಸನ್ ಮನೆಗಳಿಗೇ ಹೋಗಿ ತಂದೆ ತಾಯಿ ಮಕ್ಕಳು ಜಗಳವಾಡೋದನ್ನು ನಿಮಿಷ ನಿಮಿಷಕ್ಕೆ ಬರೆದುಕೊಳ್ಳುವ ಸಂಶೋಧನೆ ನಡೆಸಿದವರು. ಅವರಿಗೆ ಕಂಡದ್ದು ಇದು: ಮಗು ಕಿರುಚುತ್ತದೆ, ದೊಡ್ಡವರು ಸೋತು ಕೇಳಿದ್ದನ್ನು ಕೊಡುತ್ತಾರೆ, ಮಗು ಸುಮ್ಮನಾಗುತ್ತದೆ. ಕಿರುಚಿದರೆ ಸಿಗುತ್ತದೆ ಅಂತ ಮಗು ಕಲಿಯಿತು. ಕೊಟ್ಟರೆ ಮನೆ ತಣ್ಣಗಾಗುತ್ತದೆ ಅಂತ ದೊಡ್ಡವರೂ ಕಲಿತರು. ಇಬ್ಬರಿಗೂ ಲಾಭ, ಹಾಗಾಗಿ ಇಬ್ಬರೂ ಬಿಡೋದಿಲ್ಲ. ಇದನ್ನು ನಿಲ್ಲಿಸಬೇಕು ಅಂದರೆ ಕಿರುಚುವ ಮೊದಲೇ ಕೊಟ್ಟುಬಿಡಿ, ದಿನಾ ಒಂದೇ ಹೊತ್ತಿಗೆ, ಅರ್ಧ ಗಂಟೆ, ಮಧ್ಯಾಹ್ನ ಊಟವಾದ ಮೇಲೆ. ಕಿರುಚಿದಾಗ ಕೊಡಬೇಡಿ. ಮೊದಲ ಕೆಲವು ದಿನ ಕಿರುಚಾಟ ಇನ್ನೂ ಜೋರಾಗುತ್ತದೆ, ಅದಕ್ಕೆ ಹೆದರಬೇಡಿ. ಯಾವಾಗ ಶುರುಮಾಡುತ್ತೀರಿ ಅನ್ನೋದೂ ಮುಖ್ಯ. ಹಾಸನಾಂಬೆ ಬಾಗಿಲು ತೆಗೆದು, ದರ್ಶನಕ್ಕೆ ಬಂದ ನೆಂಟರೆಲ್ಲ ನಿಮ್ಮ ಮನೆಯಲ್ಲಿ ತುಂಬಿರುವಾಗ ಖಂಡಿತ ಬೇಡ. ನೆಂಟರೆದುರು ಯಾವ ಅಜ್ಜಿಯೂ ಗಟ್ಟಿಯಾಗಿ ನಿಲ್ಲೋದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಂಜೆ ಅವಳು ಉಗುಳುತ್ತಾಳೆ. ಆಗ?

ಮಂಗಳವಾರ ನೀವು ಬಚ್ಚಲುಮನೆಗೆ ಹೋದಿರಲ್ಲ, ಅದು ಸರಿಯಾದ ಕೆಲಸವೇ. ಹೊಡೆಯುವ ಮೊದಲು ಹೋಗಬೇಕಿತ್ತು ಅಷ್ಟೇ. ಮತ್ತೆ ಹೋಗುವಾಗ ಬರುತ್ತೇನೆ ಅಂತ ಹೇಳಿ ಹೋಗಬೇಕಿತ್ತು. ಅವಳು ಬಾಗಿಲು ಬಡಿದದ್ದು ಸಿಟ್ಟಿಗಲ್ಲ. ಒಳಗೆ ಹೋದ ಅಮ್ಮ ಹೊರಗೆ ಬರುತ್ತಾಳೋ ಇಲ್ಲವೋ ಅನ್ನುವ ಭಯಕ್ಕೆ. ಅವಳಿಗೆ ನೀವು ಬೇಡವಾ ಅಂತ ಕೇಳಿದ್ದೀರಿ. ಆ ಬಾಗಿಲು ಬಡಿತವೇ ಉತ್ತರ ಅಂದುಕೊಳ್ಳಿ.

ಮುಂದಿನ ಸಲ ಕಿವಿ ಬಿಸಿಯಾಗಿ ಕೈ ಬಿಗಿಯಾದ ತಕ್ಷಣ ಬಾಯಿಬಿಟ್ಟು ಹೇಳಿ: ‘ಅಮ್ಮನಿಗೆ ತುಂಬಾ ಸಿಟ್ಟು ಬಂದಿದೆ. ಮುಖ ತೊಳ್ಕೊಂಡು ಬರ್ತೀನಿ.’ ಇದು ಅವಳಿಗೆ ಹೇಳುವ ಮಾತು ಹೌದು, ನಿಮಗೂ ಔಷಧಿ. ಮನಸ್ಸಿನಲ್ಲಿ ಆಗುತ್ತಿರುವುದಕ್ಕೆ ಹೆಸರು ಕೊಟ್ಟು ಹೇಳಿದಾಗ, ಭಯ ಸಿಟ್ಟುಗಳಿಗೆ ತಟ್ಟನೆ ಏಳುವ ಮೆದುಳಿನ ಭಾಗ ಸ್ವಲ್ಪ ತಣ್ಣಗಾಗುತ್ತದೆ ಅಂತ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತವರ ಜೊತೆಗಾರರು 2007ರಲ್ಲಿ ಮೆದುಳಿನ ಸ್ಕ್ಯಾನಿಂಗ್ ಮಾಡಿ ತೋರಿಸಿದ್ದಾರೆ. ತಣ್ಣೀರು ಹಾಕಿಕೊಳ್ಳಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ, ಐದಾರು ಸಲ. ಚಿಲಕ ಹಾಕಬೇಡಿ. ಎರಡು ನಿಮಿಷಕ್ಕೆ ಹೊರಗೆ ಬಂದು ಒಂದೇ ವಾಕ್ಯ ಹೇಳಿ: ‘ಉಗುಳೋದು ಇಲ್ಲ. ಸಿಟ್ಟು ಬಂದರೆ ಸಿಟ್ಟು ಬಂದಿದೆ ಅಂತ ಹೇಳು.’ ಆಮೇಲೆ ಬಟ್ಟೆ ಕೊಟ್ಟು ನೆಲ ಒರೆಸೋಕೆ ಹೇಳಿ, ನೀವೂ ಒಂದು ಕೈ ಹಾಕಿ. ಭಾಷಣ ಬೇಡ. ‘ಸಾರಿ ಕೇಳು’ ಅಂತ ಕುತ್ತಿಗೆ ಹಿಡಿಯೋದೂ ಬೇಡ. ಆಗ ಬರುವ ಸಾರಿಗೆ ಕಾಸಿನ ಬೆಲೆ ಇಲ್ಲ.

ಒಂದು ಮಾತು ಮಾತ್ರ ಎಂಥಾ ಸಿಟ್ಟಿನಲ್ಲೂ ಆಡಬಾರದು. ನಮ್ಮ ಕಡೆ ತಾಯಂದಿರ ಬಾಯಲ್ಲಿ ಇದು ಎಷ್ಟು ಸಲೀಸಾಗಿ ಬರುತ್ತದೆ ಅಂದರೆ ಆಡಿದ್ದೂ ಗೊತ್ತಾಗೋದಿಲ್ಲ. ‘ಆಯ್ತು, ನಾನು ಸತ್ತೋಗ್ತೀನಿ, ಆಗ ಗೊತ್ತಾಗುತ್ತೆ ನಿಂಗೆ.’ ‘ಬೇರೆ ಅಮ್ಮನ್ನ ತಂದ್ಕೋ.’ ‘ಹಾಸ್ಟೆಲ್‌ಗೆ ಹಾಕ್ತೀನಿ.’ ನಿಮಗೆ ಅದು ಸಿಟ್ಟಿನ ಮಾತು. ಅವಳಿಗೆ ಅದು ಸುದ್ದಿ. ಈ ವಯಸ್ಸಿನ ಮಕ್ಕಳಿಗೆ ತಾವು ಅಂದುಕೊಂಡದ್ದು ಆಗಿಬಿಡುತ್ತದೆ ಅನ್ನುವ ನಂಬಿಕೆ ಇರುತ್ತದೆ. ಅವಳು ‘ಸತ್ತೋಗು’ ಅಂದು, ನೀವು ‘ಸತ್ತೋಗ್ತೀನಿ’ ಅಂದು, ಮಾರನೇ ದಿನ ನಿಮಗೆ ಜ್ವರ ಬಂದು ಮಲಗಿದರೆ ಅದು ತನ್ನಿಂದಲೇ ಆಯಿತು ಅಂತ ಅವಳು ನಂಬುತ್ತಾಳೆ. ನಂಬಿ ಸುಮ್ಮನಾಗುತ್ತಾಳೆ. ‘ಈಗ ಬುದ್ಧಿ ಬಂತು’ ಅಂತ ಮನೆಯವರು ಖುಷಿಪಡುತ್ತಾರೆ. ರಾತ್ರಿ ಸೆರಗು ಹಿಡಿದುಕೊಂಡೇ ಮಲಗುವ, ಅಮ್ಮ ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಕಾಯುವ ಮಕ್ಕಳನ್ನು ನನ್ನ ಹತ್ತಿರ ಕರೆತರುತ್ತಾರೆ. ಮೆಲ್ಲಗೆ ಕೇಳುತ್ತಾ ಹೋದರೆ ಎಷ್ಟೋ ಸಲ ಇಂಥದ್ದೇ ಒಂದು ವಾಕ್ಯ ಸಿಗುತ್ತದೆ. ‘ನೀನು ಸತ್ತೋಗು’ ಅಂದಾಗ ನೀವು ಹೇಳಬೇಕಾದ್ದು ಇಷ್ಟೇ: ‘ನಿನಗೆ ಅಷ್ಟು ಸಿಟ್ಟು ಬಂದಿದೆ. ನಾನು ಎಲ್ಲೂ ಹೋಗಲ್ಲ.’

ಹೊಡೆತದ ವಿಷಯದಲ್ಲಿ ನನ್ನದು ಎರಡು ಅಭಿಪ್ರಾಯ ಇಲ್ಲ. 2016ರಲ್ಲಿ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು ಐವತ್ತು ವರ್ಷದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು, ಸುಮಾರು 1,60,000 ಮಕ್ಕಳ ಲೆಕ್ಕ. ಪೆಟ್ಟು ತಿಂದ ಮಕ್ಕಳು ಹೇಳಿದ ಮಾತು ಜಾಸ್ತಿ ಕೇಳಿದ್ದು ಕಾಣಲಿಲ್ಲ. ಜಗಳಗಂಟತನ ಮಾತ್ರ ಅವರಲ್ಲಿ ಜಾಸ್ತಿ ಕಂಡಿತು. ನಿಮ್ಮತ್ತೆಯವರ ಗಾದೆಗೆ ನನ್ನ ತಕರಾರಿಲ್ಲ, ಗಿಡವನ್ನು ಬಗ್ಗಿಸಲೇಬೇಕು. ಹೊಡೆದರೆ ಗಿಡ ಬಗ್ಗೋದಿಲ್ಲ, ಮುರಿಯುತ್ತದೆ.

ಆದರೆ ಒಂದು ಸಲ ಹೊಡೆದದ್ದರಿಂದ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ತಾಯಿ ಮಗುವಿನ ಮುಖಗಳನ್ನು ಒಟ್ಟಿಗೆ ವಿಡಿಯೊ ಮಾಡಿ ಅಧ್ಯಯನ ಮಾಡಿದ ಎಡ್ವರ್ಡ್ ಟ್ರಾನಿಕ್ ಹೇಳುವ ಪ್ರಕಾರ, ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ತಾಳ ಕೂಡುವುದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪೋದು, ಮತ್ತೆ ಕೂಡೋದು. ಮತ್ತೆ ಕೂಡೋದಕ್ಕೆ ನೀವೇ ಹೋಗಬೇಕು, ನೀವು ದೊಡ್ಡವರು. ಇವತ್ತೇ ಹೇಳಬಹುದು, ತಡವಾಗಿಲ್ಲ: ‘ಮಂಗಳವಾರ ನಿನಗೆ ಹೊಡೆದೆ. ಅದು ನನ್ನ ತಪ್ಪು.’ ಅಲ್ಲಿಗೆ ನಿಲ್ಲಿಸಿ. ನಿಲ್ಲಿಸೋದು ಕಷ್ಟ, ನನಗೆ ಚೆನ್ನಾಗಿ ಗೊತ್ತು.

ನಾನಿರೋದು ಚಿಕ್ಕಮಗಳೂರಿನಲ್ಲಿ. ನನ್ನ ಮಗನಿಗೆ ಆಗ ಆರು ವರ್ಷ. ಜುಲೈ ತಿಂಗಳು, ಶಾಲೆಗೆ ಮಳೆ ರಜ ಕೊಟ್ಟು ಮೂರನೇ ದಿನ. ಬಟ್ಟೆ ಒಣಗಿಲ್ಲ, ಕರೆಂಟಿಲ್ಲ. ಅವನು ಅಂದ, ‘ನೀನು ಬೇರೆ ಮಕ್ಕಳ ಹತ್ರ ಮಾತ್ರ ನಗ್ತೀಯ.’ ಮಕ್ಕಳ ಆಪ್ತಸಮಾಲೋಚಕಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕೈಯಲ್ಲಿದ್ದ ಸ್ಟೀಲ್ ಚೊಂಬನ್ನು ಗೋಡೆಗೆ ಬೀಸಿದೆ. ಅವನಿಗೆ ತಾಗಲಿಲ್ಲ, ಚೊಂಬು ತಗ್ಗಾಯಿತು. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಶುರುಮಾಡಿದೆ: ‘ಚೊಂಬು ಎಸೆದಿದ್ದು ತಪ್ಪು, ಆದರೆ ನೀನು ಹಾಗನ್ನಬಾರದಿತ್ತು, ಅಮ್ಮ ಎಷ್ಟು ಕಷ್ಟಪಡ್ತಾಳೆ ಗೊತ್ತಾ...’ ಅವನು ಸ್ವಲ್ಪ ಹೊತ್ತು ಕೇಳಿ, ‘ನೀನು ಸಾರಿ ಹೇಳ್ತಿದ್ದೀಯಾ, ಬೈತಿದ್ದೀಯಾ?’ ಅಂದ. ಆ ‘ಆದರೆ’ಯನ್ನು ಬಿಡೋದು ಕಲಿಯೋಕೆ ನನಗೆ ಇನ್ನೂ ಒಂದೆರಡು ವರ್ಷ ಹಿಡಿಯಿತು. ತಗ್ಗಾದ ಚೊಂಬು ಈಗಲೂ ನಮ್ಮ ಬಚ್ಚಲುಮನೆಯಲ್ಲಿದೆ.

ನಿಮ್ಮ ಯಜಮಾನರಿಗೆ ಎರಡು ಕೆಲಸ. ಶನಿವಾರ ಭಾನುವಾರ ಮಹಾರಾಜ ಪಾರ್ಕು, ಐಸ್‌ಕ್ರೀಂ ಮಾತ್ರ ಅವರ ಪಾಲಿಗೆ ಬಂದು, ಹಲ್ಲುಜ್ಜಿಸೋದು, ತಲೆ ಸಿಕ್ಕು ಬಿಡಿಸೋದು, ಉಗುರು ಕತ್ತರಿಸೋದು ನಿಮ್ಮ ಪಾಲಿಗೆ ಬಂದರೆ ಅಪ್ಪ ಒಳ್ಳೆಯವನು, ಅಮ್ಮ ಕೆಟ್ಟವಳು ಆಗೋದು ಸಹಜ. ಆ ಎರಡು ದಿನ ಇವೆಲ್ಲ ಅವರೇ ಮಾಡಲಿ, ನೀವು ಐಸ್‌ಕ್ರೀಂಗೆ ಕರೆದುಕೊಂಡು ಹೋಗಿ. ಎರಡನೆಯದು, ‘ಮಗು ಎದುರಿಗೆ ಇವಳ ಆಫೀಸಿನ ಮಾತು ಆಡಬೇಡಮ್ಮ’ ಅಂತ ಅವರ ತಾಯಿಗೆ ಅವರೇ ಹೇಳಬೇಕು. ಸೊಸೆ ಹೇಳಿದರೆ ಜಗಳ, ಮಗ ಹೇಳಿದರೆ ಮಾತು. ಇದು ನ್ಯಾಯ ಅಲ್ಲ, ಗೊತ್ತು. ಸದ್ಯಕ್ಕೆ ಕೆಲಸ ಆಗಲಿ.

ಕೆಲವು ಲಕ್ಷಣ ಕಂಡರೆ ಮಾತ್ರ ನಾನು ಹೇಳಿದ್ದನ್ನು ಮಾಡುತ್ತಾ ಕಾಯಬೇಡಿ. ಮಗು ತನಗೆ ತಾನೇ ಪೆಟ್ಟು ಮಾಡಿಕೊಳ್ಳೋದು, ನಾಯಿ ಬೆಕ್ಕುಗಳನ್ನು ಮತ್ತೆ ಮತ್ತೆ ಹಿಂಸಿಸೋದು, ಬಂದಿದ್ದ ಮಾತು ಹಿಂದೆ ಹೋಗೋದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗೋದು, ಯಾರೋ ಒಬ್ಬರನ್ನು ಕಂಡರೆ ಅಥವಾ ವ್ಯಾನ್ ಹತ್ತು ಅಂದರೆ ಇದ್ದಕ್ಕಿದ್ದ ಹಾಗೆ ನಡುಗೋದು. ಇವಕ್ಕೆ ಮಕ್ಕಳ ವೈದ್ಯರನ್ನು ಕಾಣಿ. ಯಾರಾದರೂ ಮಗುವಿಗೆ ತೊಂದರೆ ಕೊಟ್ಟಿರಬಹುದು ಅನ್ನುವ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮಗೇ ಎರಡು ವಾರದಿಂದ ನಿದ್ದೆ ಇಲ್ಲ, ದಿನಾ ಅಳು, ಬದುಕೇ ಬೇಡ ಅನ್ನಿಸುತ್ತಿದೆ, ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅಂತ ಭಯವಾಗುತ್ತಿದೆ ಅಂದರೆ 14416ಕ್ಕೆ ಮಾಡಿ, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಸನದಲ್ಲೇ ಹಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೂ ಹೋಗಬಹುದು.

ಇದೊಂದೂ ಇಲ್ಲದಿದ್ದರೆ ನಾಲ್ಕು ವಾರ ಒಂದು ನೋಟ್‌ಬುಕ್ ಇಡಿ. ಅವಳು ಏನಂದಳು ಅಂತ ಬರೆಯಬೇಡಿ, ಅದನ್ನು ಮತ್ತೆ ಮತ್ತೆ ಓದಿ ನೊಂದುಕೊಳ್ಳುತ್ತೀರಿ. ನಾಲ್ಕು ಕಾಲಂ ಸಾಕು. ಎಷ್ಟು ಹೊತ್ತಿಗೆ ಆಯಿತು, ಹಿಂದಿನ ರಾತ್ರಿ ಅವಳು ಎಷ್ಟಕ್ಕೆ ಮಲಗಿದ್ದಳು, ಕೊನೆಗೆ ಏನು ಯಾವಾಗ ತಿಂದಿದ್ದಳು, ನೀವು ಯಾವಾಗ ತಿಂದಿದ್ದಿರಿ. ಕೊನೆಯ ಕಾಲಂ ಬಿಡಬೇಡಿ. ನಾಲ್ಕು ವಾರವಾದ ಮೇಲೆ ಆ ಹಾಳೆಗಳ ಫೋಟೊ ತೆಗೆದು ನನಗೆ ಕಳಿಸಿ, ಮತ್ತೆ ಪೆನ್ಸಿಲ್ ಹಿಡಿದು ಕೂರುತ್ತೇನೆ.